ಮಾವಿನ ಮರಕ್ಕೆ ಟ್ರ್ಯಾಕ್ಟರ್ ಕಟ್ಟಿದ್ದು

ಮೂವತ್ತಾರು ವರ್ಷ ಬೊಂಬಾಯಿಯ ಮುಲುಂಡಿನಲ್ಲಿ ಹೋಟೆಲು ನಡೆಸಿದವನು ನಾನು. ದಿನಕ್ಕೆ ನಾನೂರು ಜನ ನನ್ನ ಹತ್ತಿರ ಮಾತಾಡುತ್ತಿದ್ದರು. (ಅದರಲ್ಲಿ ಮುನ್ನೂರು ಜನ 'ಸಾಂಬಾರ್ ಔರ್ ದೋ' ಎಂದಷ್ಟೇ ಹೇಳುತ್ತಿದ್ದರು, ಒಪ್ಪಿಕೊಳ್ಳುತ್ತೇನೆ. ಆದರೂ ಮಾತು ಮಾತೇ.) ಹೋದ ವರ್ಷ ಹೋಟೆಲನ್ನು ಪಾಲುದಾರನಿಗೆ ಬಿಟ್ಟುಕೊಟ್ಟು, ಬೀಜಾಡಿಯಿಂದ ಎರಡು ಮೈಲಿ ಒಳಗಿರುವ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತೆ. ಎಂಟು ತಿಂಗಳು ಕೂತೆ. ಅಷ್ಟು ದಿನಗಳಲ್ಲಿ ನನ್ನನ್ನು ಕಾಣಲೆಂದು ಗೇಟು ತೆರೆದು ಬಂದವರು ಎಷ್ಟು ಜನ ಗೊತ್ತೇ? ಒಬ್ಬ. ಅದೂ ಕರೆಂಟು ಮೀಟರ್ ನೋಡುವವನು. ಅವನು ಬಂದದ್ದೂ ಮೀಟರನ್ನು ಕಾಣಲಿಕ್ಕೇ ಹೊರತು ನನ್ನನ್ನಲ್ಲ ಎಂಬುದು ನನ್ನ ಹೆಂಡತಿಯ ವಾದ.

ಮನೆಗೆ ಜನವೇ ಬರುವುದಿಲ್ಲ ಎಂದಲ್ಲ. ಬೆಳಗಾದರೆ ಬರುತ್ತಾರೆ. 'ಕುಸುಮಕ್ಕ ಇದ್ರಾ?' ಎನ್ನುತ್ತಾರೆ. ನಾನು 'ಒಳಗಿದ್ದಾಳೆ' ಎನ್ನುವಷ್ಟರಲ್ಲಿ ನನ್ನ ಮುಖವನ್ನೂ ನೋಡದೆ ಅಡುಗೆಮನೆ ತಲುಪಿರುತ್ತಾರೆ. ಕುಸುಮಾವತಿ ನನ್ನ ಹೆಂಡತಿ. ನಾನು ಮುಲುಂಡಿನಲ್ಲಿ ಇಡ್ಲಿ ಬೇಯಿಸುತ್ತಿದ್ದ ಅಷ್ಟೂ ವರ್ಷ ಅವಳು ಇಲ್ಲೇ ಇದ್ದು, ಅತ್ತೆ ಮಾವನ ಸೇವೆ ಮಾಡಿ, ಮಗಳನ್ನು ಬೆಳೆಸಿ, ಈಗ ಮಹಿಳಾ ಮಂಡಲದ ಅಧ್ಯಕ್ಷಿಣಿಯೂ ಹಾಲಿನ ಡೈರಿಯ ನಿರ್ದೇಶಕಿಯೂ ಭಜನಾ ಮಂಡಳಿಯ ತಾಳಧಾರಿಣಿಯೂ ಆಗಿ ವಿರಾಜಿಸುತ್ತಿದ್ದಾಳೆ. ನಾನು ವರ್ಷಕ್ಕೆ ಹದಿನೈದು ದಿನ ಬರುತ್ತಿದ್ದೆ. ಅದರಲ್ಲಿ ಹತ್ತು ದಿನ ನಿದ್ದೆ ಮಾಡುತ್ತಿದ್ದೆ. ಹಾಗಾಗಿ ಊರಿಗೆ ಗೊತ್ತಿದ್ದದ್ದು 'ಕುಸುಮಕ್ಕನ ಗಂಡ' ಎಂಬ ಹುದ್ದೆ ಮಾತ್ರ. ಆ ಹುದ್ದೆಯಲ್ಲಿ ಮಂಜಯ್ಯ ಶೆಟ್ಟಿ ಎಂಬ ಮನುಷ್ಯನಿದ್ದಾನೆ, ಅವನಿಗೊಂದು ಮುಖ ಇದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬ್ರಹ್ಮಾವರಕ್ಕೆ ಕೊಟ್ಟ ಮಗಳು ಪ್ರಣೀತಾ ದಿನಾ ಸಂಜೆ ಫೋನು ಮಾಡುತ್ತಾಳೆ. 'ಅಪ್ಪಾ, ಹುಷಾರಿದ್ರ್ಯಾ? ಅಮ್ಮನತ್ರ ಕೊಡಿ.' ಈ ಎರಡು ವಾಕ್ಯಗಳ ನಡುವೆ ಉತ್ತರ ಹೇಳಲು ಜಾಗ ಇದೆಯೇ ಎಂದು ನಾನು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ಒಂದು ಸಂಜೆ ಭಜನೆಗೆ ಹೊರಟ ಹೆಂಡತಿಯನ್ನು ತಡೆದು ನಿಲ್ಲಿಸಿದೆ.

'ಒಂದ್ ದಿನ ಮನೇಲ್ ಕೂಕಂಡ್ ನನ್ನತ್ರ ಮಾತಾಡುಕ್ ಆತಿಲ್ಯಾ ನಿಂಗೆ?'

'ಎಂತ ಮಾತಾಡೂದ್? ಹೇಳಿ. ಬೇಗ ಹೇಳಿ, ಆಟೋ ಬಂತ್.'

ಬೇಗ ಹೇಳುವಂಥ ಮಾತು ನನ್ನ ಹತ್ತಿರ ಒಂದೂ ಇರಲಿಲ್ಲ. ಆಟೋ ಹೋಯಿತು.

ಆಗ ಹೊಳೆದದ್ದೇ ಟ್ರ್ಯಾಕ್ಟರಿನ ಮಹಾಯೋಜನೆ. ರಸ್ತೆ ಬದಿಯಲ್ಲಿ ಜೆಸಿಬಿ ಗುಂಡಿ ತೋಡುತ್ತಿದ್ದರೆ ಅರ್ಧ ಊರು ಕೈಕಟ್ಟಿ ನಿಂತು ನೋಡುವುದನ್ನು ನೀವೂ ಕಂಡಿರಬಹುದು. ಯಂತ್ರ ಇದ್ದಲ್ಲಿ ಜನ, ಜನ ಇದ್ದಲ್ಲಿ ಮಾತು. ಇಷ್ಟು ಸರಳವಾದ ಸತ್ಯ ನನಗೆ ಎಂಟು ತಿಂಗಳ ಮೊದಲೇ ಯಾಕೆ ಹೊಳೆಯಲಿಲ್ಲವೋ! ಬ್ರಹ್ಮಾವರದಲ್ಲಿ ಒಬ್ಬರು ಮಾರುವುದಕ್ಕಿಟ್ಟಿದ್ದ ಮಿನಿ ಟ್ರ್ಯಾಕ್ಟರನ್ನು ತಂದು ಅಂಗಳದಲ್ಲಿ ನಿಲ್ಲಿಸಿದೆ. ಇಪ್ಪತ್ತೇಳು ಎಚ್‌ಪಿ. ಎತ್ತರದಲ್ಲಿ ನನ್ನ ಹೆಗಲಿಗೆ ಬರುತ್ತದೆ, ಸದ್ದಿನಲ್ಲಿ ಮಾತ್ರ ಬೀಜಾಡಿಯ ಕಡಲಿಗೂ ಕೇಳುತ್ತದೆ.

ಕುಸುಮಾ ಅದಕ್ಕೆ ಒಂದು ಸುತ್ತು ಬಂದಳು.

'ಹ್ವಾಯ್, ನಮ್ಗ್ ಗದ್ದಿ ಇಪ್ಪುದ್ ಮೂವತ್ ಸೆಂಟ್ಸ್. ಇದನ್ನ್ ತಿರ್ಗಿಸ್ಕಾರೆ ಪಕ್ಕದ್ಮನಿ ಗದ್ದಿಗ್ ಹೋಯ್ಕ್. ಇದ್ ಎಂತಕೆ?'

'ಮರ ಎಳೂಕೆ. ಒಣಗಿದ್ ಮರ, ವಾಲಿದ್ ಮರ, ಬುಡ, ಬೇರ್. ಊರೋರಿಗೆಲ್ಲ ಫುಕ್ಕಟೆ ಮಾಡ್ಕೊಡ್ತೆ.'

'ನಿಮ್ಗ್ ಮರುಳ್,' ಎಂದು ತೀರ್ಪು ಕೊಟ್ಟು ಡೈರಿಗೆ ಹೊರಟುಹೋದಳು.

ಫುಕ್ಕಟೆ ಎಂದದ್ದೇ ತಪ್ಪಾಯಿತು. ಅಂಗಡಿಯಲ್ಲಿ ಹೇಳಿಸಿದೆ, ಡೈರಿಯಲ್ಲಿ ಹೆಂಡತಿಯಿಂದಲೇ ಹೇಳಿಸಿದೆ. ಬೊಂಬಾಯಿಯ ಸಾವುಕಾರರು ಧರ್ಮಕ್ಕೆ ಮರ ಎಳೆದುಕೊಡುತ್ತಾರೆ ಎಂದರೆ ಅದರ ಹಿಂದೆ ಏನೋ ಮಸಲತ್ತು ಇರಲೇಬೇಕು ಎಂದು ಜನ ಒಣಗಿದ ತೆಂಗಿನಮರಗಳನ್ನು ಇನ್ನಷ್ಟು ಜೋಪಾನ ಮಾಡಿಕೊಂಡರು. ನಾನು ದಿನಾ ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ, ಬಂದ್ ಮಾಡಿ ಜಗಲಿಗೆ ಬಂದು ಕೂರುತ್ತಿದ್ದೆ. ನನಗೂ ಅದಕ್ಕೂ ಅದೊಂದೇ ವ್ಯಾಯಾಮ.

ಕೂತು ಕೂತು ಯೋಚಿಸಿದಾಗ ತಪ್ಪು ಯಾರದೆಂದು ತಿಳಿಯಿತು. ಮಾವಿನ ಮರದ್ದು! ನಮ್ಮ ಜಗಲಿಗೂ ರಸ್ತೆಗೂ ನಡುವೆ ಒಂದು ಕಾಟು ಮಾವಿನ ಮರ ಇತ್ತು. ಬುಡದಲ್ಲಿ ಅರ್ಧ ಗೆದ್ದಲು ತಿಂದು ರಸ್ತೆಯ ಕಡೆ ವಾಲಿತ್ತು. ಕಾಯಿ ಬಿಟ್ಟರೆ ಹುಳಿ, ಬಿಡದಿದ್ದರೆ ಇರುವೆ. ಅದರ ಮರೆಯಲ್ಲಿ ನಾನು ಕೂತಿದ್ದರೆ ದಾರಿಯಲ್ಲಿ ಹೋಗುವವರಿಗೆ ಕಾಣುವುದು ಹೇಗೆ? ಕಾಣದವನನ್ನು ಮಾತಾಡಿಸುವುದು ಹೇಗೆ? ಮರ ತೆಗೆದರೆ ನಾನು ಅವರಿಗೆ ಕಾಣುತ್ತೇನೆ, ಅವರು ನನಗೆ ಕಾಣುತ್ತಾರೆ. ಯಾರಾದರೊಬ್ಬರು ಒಂದು ದಿನ ಗೇಟು ತೆರೆದು ನನಗೆಂದೇ ಬಂದು ಒಂದು ಚಾ ಕುಡಿದರೆ ಸಾಕಿತ್ತು, ಅದಕ್ಕಿಂತ ಹೆಚ್ಚಿನ ಆಸೆ ನನಗಿರಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ಅವಳು ಭಜನೆಗೆ ಹೋದ ಮೂರು ಸಂಜೆ ಬುಡದ ಮಣ್ಣು ಬಿಡಿಸಿ, ಪಕ್ಕದ ಬೇರುಗಳನ್ನು ಪಿಕಾಸಿಯಲ್ಲಿ ಕಡಿದಿಟ್ಟೆ. ('ಎಂತ ಮಾಡ್ತ್ರಿ ಅಲ್ಲಿ?' ಎಂದಳು. 'ಗೊಬ್ಬರ ಹಾಕೂಕೆ' ಎಂದೆ. 'ಒಂದಾರೂ ಒಳ್ಳೆ ಬುದ್ಧಿ ಬಂತಲೆ' ಎಂದು ಮೆಚ್ಚಿಕೊಂಡಳು.) ನಾಲ್ಕನೆಯ ದಿನ ಶಂಕರನಾರಾಯಣದಲ್ಲಿ ಅವಳ ತಂಗಿ ಸುಗುಣಾಳ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ. ನಾನೂ ಬರುತ್ತೇನೆ ಎಂದೆ.

'ನಿಮ್ಗ್ ಅಲ್ಲ್ ಯಾರ್ ಗೊತ್ತಿತ್ತ್? ಸುಮ್ನೆ ಬೇಜಾರ್ ಆತ್ತ್. ಅನ್ನ ಸಾರ್ ಮಾಡಿಟ್ಟಿದೆ, ಬಿಸಿ ಮಾಡ್ಕಣಿ.'

ಅವಳನ್ನು ಕರೆದೊಯ್ಯಲು ಬಂದ ಕಾರು ತಿರುವು ದಾಟುತ್ತಿದ್ದಂತೆ ನಾನು ಅಂಗಿ ಬಿಚ್ಚಿ, ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿದೆ. ಏಣಿ ಇಟ್ಟು ಎರಡಾಳು ಎತ್ತರದಲ್ಲಿ ಕಾಂಡಕ್ಕೆ ಸಂಕೋಲೆ ಬಿಗಿದೆ. ಸಂಕೋಲೆಗೆ ದಪ್ಪ ಹಗ್ಗ, ಹಗ್ಗದ ತುದಿ ಟ್ರ್ಯಾಕ್ಟರಿನ ಕೊಕ್ಕೆಗೆ. ಮರ ಬಿದ್ದರೆ ನನ್ನ ಮೇಲೆ ಬೀಳದಷ್ಟು ಉದ್ದ ಬಿಟ್ಟಿದ್ದೆ, ಅಷ್ಟು ಬುದ್ಧಿ ಇದೆ. ಕಡಿಮೆ ಗೇರಿಗೆ ಹಾಕಿ ಮೆಲ್ಲ ಕ್ಲಚ್ ಬಿಟ್ಟೆ. ಟ್ರ್ಯಾಕ್ಟರ್ ಮುಂದೆ ಹೋಗುವ ಬದಲು ಮುಂದಿನ ಎರಡು ಚಕ್ರ ಎತ್ತಿ ಆಕಾಶಕ್ಕೆ ನಮಸ್ಕಾರ ಮಾಡಿತು. ಅದರೊಂದಿಗೆ ನಾನೂ ಮಾಡಿದೆ. 'ಅರೇ ಬಾಪ್ ರೇ!' ಎಂದು ಬ್ರೇಕ್ ತುಳಿದು, ಇಳಿದು, ಎದೆ ಹಿಡಿದುಕೊಂಡು ನೀರು ಕುಡಿದೆ. ಆಮೇಲೆ ಸಂಕೋಲೆಯನ್ನು ಸ್ವಲ್ಪ ಕೆಳಗೆ ಇಳಿಸಿ, ಉಳಿದ ಒಂದು ದಪ್ಪ ಬೇರನ್ನೂ ಕಡಿದು, ಮತ್ತೆ ಎಳೆದೆ. ಎರಡನೆಯ ಸಲ ಲಟಲಟ ಎಂದಿತು. ಮೂರನೆಯ ಸಲ ಮರ ಒಮ್ಮೆ ನಡುಗಿ, ಬೇರುಸಮೇತ ಎದ್ದು, ರಸ್ತೆಗೆ ಹಾಯದೆ ನಮ್ಮ ಕಂಪೌಂಡಿನ ಮೇಲೆಯೇ ಮಲಗಿತು. ಮೂರು ಗಜ ಕಂಪೌಂಡೂ ಕುಸುಮಾಳ ದಾಸವಾಳವೂ ಅದರಡಿಯಲ್ಲಿ ಹೋದವು. ಆದರೆ ಆ ವಿಜಯವನ್ನು ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ನಾನೇ 'ಶಾಭಾಸ್' ಎಂದೆ, ಟ್ರ್ಯಾಕ್ಟರಿನ ಬೆನ್ನು ತಟ್ಟಿದೆ.

ಹೊಸದಾಗಿ ಕೊಂಡಿದ್ದ ಮರ ಕೊಯ್ಯುವ ಮಿಶಿನ್ನಿನಲ್ಲಿ ಕೊಂಬೆಗಳನ್ನು ಆರಾರು ಅಡಿಗೆ ತುಂಡು ಮಾಡಿದೆ. ಒಂದೊಂದನ್ನೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೇಟಿನ ಪಕ್ಕ ಸಾಲಾಗಿ ಒಟ್ಟಿದೆ. ಹೋಟೆಲಿನವನ ಕೈ, ಏನಿಟ್ಟರೂ ಅಂದವಾಗಿ ಇಡುತ್ತೇನೆ. ಆಗ ರಸ್ತೆಯಲ್ಲಿ ಬೈಕಿನವನೊಬ್ಬ ನಿಂತ. ಬಿದ್ದ ಮರ ನೋಡಿದ, ಒಟ್ಟಿದ ತುಂಡು ನೋಡಿದ, ಮನೆ ನೋಡಿದ. ಹೆಲ್ಮೆಟ್ ತೆಗೆದ. ನಾನು ಟ್ರ್ಯಾಕ್ಟರಿನ ಮೇಲಿಂದ ಜೋರಾಗಿ ಕೈ ಬೀಸಿದೆ. ಅವನು ಬೀಸಲಿಲ್ಲ. ಫೋನು ತೆಗೆದು ಏನೋ ಒತ್ತಿ ಹೊರಟುಹೋದ. ಆದರೂ ನಿಂತಿದ್ದನಲ್ಲ! ಯೋಜನೆ ಫಲಿಸತೊಡಗಿದೆ ಎಂದು ಎದೆ ಉಬ್ಬಿತು.

ಅರ್ಧ ಗಂಟೆಯಲ್ಲಿ ಗೂಡ್ಸ್ ಆಟೋ ಬಂತು. ಯುವಕ ಮಂಡಲದ ಗೋಪಿ ಅದರಿಂದ ಪ್ಲಾಸ್ಟಿಕ್ ಕುರ್ಚಿ ಇಳಿಸತೊಡಗಿದ.

'ಹ್ವಾಯ್ ಡ್ರೈವರ್ರೇ, ಟ್ರ್ಯಾಕ್ಟರ್ ಆಚಿ ಬದಿಗ್ ಹಾಕ್ಕಣಿ. ಕುರ್ಚಿ ಇಡ್ಕ್.'

ಟ್ರ್ಯಾಕ್ಟರ್ ಓಡಿಸುವವನು ಡ್ರೈವರೇ ತಾನೆ? ಮರು ಮಾತಿಲ್ಲದೆ ಬದಿಗೆ ಹಾಕಿದೆ. ಹಿಂದೆಯೇ ಜನ ಬರತೊಡಗಿದರು. ನಡೆದು ಬಂದರು, ಬೈಕಿನಲ್ಲಿ ಬಂದರು, ತ್ರಾಸಿಯಿಂದ ಒಂದು ಕಾರೇ ಬಂತು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಬಾವಿಕಟ್ಟೆಯ ಹತ್ತಿರ. ಮಹಿಳಾ ಮಂಡಲದ ಕಾರ್ಯದರ್ಶಿ ವಿಜೇತಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮರದ ಹುಡಿ ಹಾರಿರಬೇಕು ಎಂದುಕೊಂಡೆ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನಮ್ಮೂರ ಜನ ಇಷ್ಟು ಗಂಭೀರ ಎಂದು ನನಗೆ ತಿಳಿದಿರಲಿಲ್ಲ. ನೀವು ಯಾಕೆ ಬಂದಿರಿ ಎಂದು ಕೇಳಬಹುದಿತ್ತು. ಕೇಳಿದರೆ ಎಲ್ಲಿ ಎದ್ದು ಹೋಗುತ್ತಾರೋ ಎಂಬ ಹೆದರಿಕೆಯಿಂದ ಕೇಳಲಿಲ್ಲ.

ಎಪ್ಪತ್ತೆರಡು ಜನ. ಹೋಟೆಲಿನವನು ತಲೆ ಎಣಿಸದೆ ಇರಲಾರ. ಒಳಗೆ ಓಡಿ ಅನ್ನದ ದೊಡ್ಡ ಚರಿಗೆಯಲ್ಲಿ ಚಾಕ್ಕೆ ನೀರಿಟ್ಟೆ. ಶುಂಠಿ ಜಜ್ಜಿದೆ, ಏಲಕ್ಕಿ ಹಾಕಿದೆ, ಮನೆಯಲ್ಲಿದ್ದ ಅಷ್ಟೂ ಹಾಲು ಸುರಿದೆ. ಹರಿವಾಣದಲ್ಲಿ ಲೋಟ ಜೋಡಿಸಿ ತಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು.

'ಈ ಮನೇಲ್ ಈಗ ಒಲಿ ಹೊತ್ತಿಸಿದ್ ಯಾರ್?' ಎಂದಳು ವಿಜೇತಾ.

'ಪಾಪ ಡ್ರೈವರ್, ಅವಂಗ್ ಎಂತ ಗೊತ್ತಿತ್ತ್? ಕುಡೀನಿ, ಬಿಸಿಲ್ ಜೋರಿತ್ತ್,' ಎಂದರು ಎದುರುಮನೆಯ ಪದ್ದಣ್ಣ.

ಕುಡಿದರು. ಎರಡನೆಯ ಸಲವೂ ತೆಗೆದುಕೊಂಡರು. ಪದ್ದಣ್ಣ ತನ್ನ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ, 'ಕೂಕೋ ಮಾರಾಯಾ, ಬೆಳಗಿಂದ ದುಡ್ದಿದ್ದೆ' ಎಂದರು. ನಾನು ಕೂತೆ. ಎಂಟು ತಿಂಗಳಲ್ಲಿ ನನ್ನನ್ನು ಕೂತುಕೋ ಎಂದ ಮೊದಲ ಮನುಷ್ಯ! ಅವರ ಮೊಣಗಂಟು ಮೆಟ್ಟಿಲು ಹತ್ತಿದರೆ ಕಟಕಟ ಎನ್ನುವುದು, ಸೊಸೆ ಮೊಬೈಲು ನೋಡುತ್ತಾ ಮೀನು ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಅಂಗಳದ ಹಲಸಿನ ಮರ ಒಣಗಿ ಮಾಡಿನ ಮೇಲೆ ವಾಲಿರುವುದು, ಎಲ್ಲವನ್ನೂ ನನಗೆ ಹೇಳಿದರು. ನಾನೂ ಹೇಳಿದೆ. ಮಾತು ಬಾಯಿಂದ ತಾನಾಗಿ ಬರುತ್ತಿತ್ತು, ತಡೆಯಲಾಗಲಿಲ್ಲ.

'ನಾಳೆ ನಮ್ಮನಿಗ್ ಬಾ. ಹಲ್ಸಿನ್ ಮರ ಎಳೂಕಿತ್ತ್. ನಮ್ಮಲ್ಲೇ ಗಂಜಿ ಉಂಬ.'

'ಬತ್ತೆ, ಖಂಡಿತ ಬತ್ತೆ,' ಎಂದೆ.

'ಪಾಪ, ಕುಸುಮಕ್ಕಂಗೆ ಹೀಂಗ್ ಆಪ್ಕಾಗಿರ್ಲಿಲ್ಲ,' ಎಂದು ಪದ್ದಣ್ಣ ನಿಟ್ಟುಸಿರು ಬಿಟ್ಟರು.

ನಾನು ಪದ್ದಣ್ಣನ ಕಡೆ ತಿರುಗಿದೆ. 'ಕುಸುಮಂಗ್ ಎಂತ ಆಯ್ತ್?'

'ಅವ್ರಿಗ್ ಎಂತ ಆಯ್ಲಿಲ್ಲ. ಗಂಡ ತೀರ್ಕಂಡ್ರಲ್ಲೆ. ನಿಂಗ್ ಗೊತ್ತಿಲ್ಯಾ? ಮತ್ತೆ ಮರ ಎಂತಕ್ ತೆಗ್ದದ್? ಮನಿ ಎದ್ರಿನ್ ಮಾಯಿನ್ ಮರ ಯಾರಾರೂ ಸುಮ್ನೆ ತೆಗಿತ್ರಾ?'

ಆಗ ನೆನಪಾಯಿತು. ನಮ್ಮಲ್ಲಿ ಮನೆಯ ಹಿರಿಯರು ಹೋದಾಗ ಸುಡುವುದಕ್ಕೆ ಆ ಮನೆಯದೇ ಮಾವಿನ ಮರ ಕಡಿಯುವುದು. ಅದಕ್ಕೆಂದೇ ಹುಳಿ ಕಾಯಿಯ ಮರವನ್ನೂ ಉಳಿಸಿಕೊಂಡಿರುತ್ತಾರೆ. ನಮ್ಮ ಅಜ್ಜ ಹೋದಾಗಲೂ ಒಂದು ಕಡಿದದ್ದು ನಾನೇ ಕಂಡವನು. ಮುಲುಂಡಿನಲ್ಲಿ ಕರೆಂಟಿನ ಸ್ಮಶಾನಕ್ಕೆ ಹೋಗಿ ಹೋಗಿ ಮರೆತೇಬಿಟ್ಟಿದ್ದೆ. ಅದೂ ಆರಡಿ ಉದ್ದದ ತುಂಡು ಮಾಡಿ, ಗೇಟಿನ ಪಕ್ಕ ಒಟ್ಟಿ! ನಾನು ಬೆಳಗಿನಿಂದ ಅಷ್ಟು ಅಂದವಾಗಿ ಜೋಡಿಸಿಟ್ಟದ್ದು ನನ್ನದೇ ಚಿತೆ.

'ಆಸ್ಪತ್ರಿಂದ ಇನ್ನೂ ತರ್ಲಿಲ್ಲ ಕಾಣತ್ತ್,' ಎಂದ ಗೋಪಿ. 'ಕುಸುಮಕ್ಕಂಗೆ ನಾನೇ ಫೋನ್ ಮಾಡಿ ಯಜಮಾನ್ರಿಗ್ ಒಂಚೂರ್ ಹುಷಾರಿಲ್ಲೆ ಅಂದೇಳಿ ಅಷ್ಟೇ ಹೇಳಿದೆ.'

ಆ ಕ್ಷಣವೇ ಎದ್ದು ನಿಂತು ನಾನೇ ಮಂಜಯ್ಯ ಎನ್ನಬೇಕಿತ್ತು. ಏಳಲಿಲ್ಲ. ಪದ್ದಣ್ಣನ ಕೈ ನನ್ನ ಹೆಗಲ ಮೇಲಿತ್ತು. ಎದ್ದರೆ ಅದು ಜಾರುತ್ತಿತ್ತು. ಜೊತೆಗೆ, ಸತ್ತ ಮೇಲಾದರೂ ನನ್ನ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳುವ ಕೆಟ್ಟ ಆಸೆ.

'ಹ್ಯಾಂಗಿದ್ರ್ ಅವ್ರ್?' ಎಂದೆ.

'ನಾ ಕಾರ್ ಕಂಡಿದೆ, ಅವ್ರನ್ ಕಾಣ್ಲಿಲ್ಲ,' ಎಂದ ಗೋಪಿ. 'ಗ್ಲಾಸ್ ಏರ್ಸ್ಕಂಡೇ ಹೋಪ್ದ್. ದೊಡ್ಡ್ ಜನ. ಯಾರತ್ರೂ ಮಾತಾಡ್ತಿರ್ಲಿಲ್ಲ ಅಂಬ್ರ್.'

(ಎಸಿ ಹಾಕಿದರೆ ಗ್ಲಾಸು ಏರಿಸದೆ ಇರಲಾಗುತ್ತದೆಯೇ? ನೀವೇ ಹೇಳಿ.)

'ಹಾಂಗ್ ಹೇಳ್ಬೇಡ,' ಎಂದರು ಪದ್ದಣ್ಣ. 'ಜಗಲಿಲ್ ಒಬ್ರೇ ಕೂಕಂತ್ರ್ ಅಂದೇಳಿ ಕುಸುಮಕ್ಕ ಹೇಳ್ತಿದ್ರ್. ನಂಗೆ ಬಪ್ಪುಕ್ ಮನ್ಸಿತ್ತ್. ಬೊಂಬಾಯಿ ಸಾವ್ಕಾರ್ರತ್ರ ನಾ ಎಂತ ಮಾತಾಡೂದ್? ನಾಳಿಗ್ ಹೋಪ, ನಾಡ್ದ್ ಹೋಪ ಅಂದೇಳಿ ಹಾಂಗೇ ಉಳೀತ್. ಪಾಪ, ಹೋಯೇ ಬಿಟ್ರ್.'

ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ, ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿಯೇ ಅತ್ತೆ. ಎದುರುಮನೆಯ ಮನುಷ್ಯ ಎಂಟು ತಿಂಗಳು ಅಲ್ಲಿ, ನಾನು ಎಂಟು ತಿಂಗಳು ಇಲ್ಲಿ. ಪದ್ದಣ್ಣ ನನ್ನ ಬೆನ್ನು ಸವರಿದರು.

'ಅಳ್ಬೇಡ ಮಾರಾಯಾ. ನಿನ್ ಮಜೂರಿ ಕುಸುಮಕ್ಕ ಖಂಡಿತ ಕೊಡ್ತ್ರ್.'

ಆಗಲೇ ಕಾರು ಬಂದು ನಿಂತಿತು. ನಮ್ಮ ಊರುಗಳಲ್ಲಿ 'ಒಂಚೂರ್ ಹುಷಾರಿಲ್ಲೆ' ಎಂದು ಫೋನು ಬಂದರೆ ಅರ್ಥ ಏನೆಂದು ಕುಸುಮಾಳಿಗೆ ಗೊತ್ತಿಲ್ಲವೇ? ಶಂಕರನಾರಾಯಣದಿಂದಲೇ ಅಳುತ್ತಾ ಬಂದಿದ್ದಳು. ದಾರಿಯುದ್ದಕ್ಕೂ ನನಗೆ ಫೋನು ಮಾಡಿದ್ದಳಂತೆ, ಒಳಗೆ ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ ಅದು ಬಡಿದುಕೊಂಡದ್ದು ನನಗೆ ಕೇಳಿಸಿರಲಿಲ್ಲ. ಕುರ್ಚಿಗಳನ್ನೂ ಒಟ್ಟಿದ ತುಂಡುಗಳನ್ನೂ ಕಂಡು 'ಅಯ್ಯೋ ದೇವ್ರೇ' ಎಂದು ಗೇಟಿನಲ್ಲೇ ಕುಸಿದಳು. ವಿಜೇತಾ ಹಿಡಿದುಕೊಂಡಳು. ನಾನು ಕುರ್ಚಿಯಿಂದ ಎದ್ದು ಓಡಿದೆ.

'ಕುಸುಮಾ, ನಾ ಇದ್ದೆ! ಇಲ್ಲೇ ಇದ್ದೆ!'

ಅವಳು ತಲೆ ಎತ್ತಿದಳು. ನನ್ನ ಎರಡು ತೋಳು ಹಿಡಿದು, ಮುಖ ಮುಟ್ಟಿ ನೋಡಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ನನ್ನ ಭುಜದಾಚೆಗೆ ನೋಡಿದಳು.

'ಮರ ಎಲ್ಲಿತ್?' ಎಂದಳು. ಅಳು ಅಲ್ಲಿಗೆ ನಿಂತಿತು. 'ಮಾವನೋರ್ ಉಳ್ಸಿದ್ ಮರ! ಗೊಬ್ಬರ ಹಾಕೂದ್ ಅಂದೇಳಿ ಹೇಳಿ... ಮನ್ಷರಾ ನೀವ್? ಇನ್ನ್ ನೀವ್ ನಿಜಕ್ಕೂ ಹೋರೆ ಎಂತದ್ರಲ್ ಸುಡೂದ್ ನಿಮ್ಮನ್? ಟ್ರ್ಯಾಕ್ಟರಲ್ಲಾ?'

ಊರಿಗೆ ವಿಷಯ ತಿಳಿಯಲು ಅಷ್ಟು ಸಾಕಾಯಿತು. ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿದರು. ನಾನು ಹಲ್ಲು ಕಿರಿದು ತಿರುಗಿ ನೋಡಿದರೆ ಪದ್ದಣ್ಣ ಕುರ್ಚಿಯಿಂದ ಎದ್ದು, ಹೆಗಲ ಮೇಲಿನ ಶಾಲು ತೆಗೆದು ಕಂಕುಳಿಗೆ ಇರುಕಿ ಕೈ ಮುಗಿಯುತ್ತಿದ್ದರು.

'ತಪ್ಪಾಯ್ತ್ ಯಜಮಾನ್ರೇ. ಗೊತ್ತಾಯ್ಲಿಲ್ಲ. ಏನೇನೋ ಮಾತಾಡಿಬಿಟ್ಟೆ.'

'ಎಂತ ತಪ್ಪ್ ಪದ್ದಣ್ಣ? ಕೂಕಣಿ, ಇನ್ನೊಂದ್ ಚಾ...'

'ಇಲ್ಲ ಇಲ್ಲ, ಬತ್ತೆ ಯಜಮಾನ್ರೇ.'

ಹತ್ತು ನಿಮಿಷದಲ್ಲಿ ಅಂಗಳ ಖಾಲಿ. ಗೋಪಿ ಕುರ್ಚಿಗಳನ್ನು ಒಂದರೊಳಗೊಂದು ಹಾಕಿ ಒಯ್ದ. ನಾನು ಕೂತಿದ್ದ ಕುರ್ಚಿಯನ್ನೂ ಒಯ್ದ.

ಸಂಜೆ ಕುಸುಮಾ ಭಜನೆಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ನನಗೆ ಬೈದಳು. ಬೈಗಳಾದರೂ ಅದು ಎರಡು ಗಂಟೆಯ ಮಾತು ತಾನೆ? ನಾನು ಅಡ್ಡಿಪಡಿಸದೆ ಸುಖವಾಗಿ ಕೇಳಿದೆ. ಕೊನೆಗೆ ನನ್ನ ಸಮಾಧಾನಕ್ಕೆ ಒಂದು ಮಾತು ಹೇಳಿದೆ.

'ಏನೇ ಹೇಳ್, ಎಪ್ಪತ್ತೆರಡ್ ಜನ ಬಂದಿರ್ ನಂಗಂದೇಳಿ.'

'ನಿಮ್ಗಾ?' ಎಂದಳು. ಈ ಸಲ ಸ್ವರ ಮೆತ್ತಗಿತ್ತು, ಅದೇ ಹೆಚ್ಚು ನೋಯಿಸಿತು. 'ನಿಮ್ಮನ್ ಯಾರಿಗ್ ಗೊತ್ತಿತ್ತ್? ನಂಗ್ ದುಃಖ ಆಯ್ತ್ ಅಂದೇಳಿ ಬಂದದ್ ಅವ್ರ್.'

ಮರವಿಲ್ಲದ ಅಂಗಳದಾಚೆ ರಸ್ತೆ ನೆಟ್ಟಗೆ ಕಾಣುತ್ತಿತ್ತು. ಯಾರೂ ಹೋಗುತ್ತಿರಲಿಲ್ಲ. ಎದ್ದು ಒಳಗೆ ಹೋಗುತ್ತಾ ಅವಳೇ ಹೇಳಿದಳು, 'ಪದ್ದಣ್ಣ ಕರ್ದಿದ್ರಲ್ಲೆ. ನಾಳೆ ಹೋಯ್ನಿ.'

ಹೋದೆ. ಅದೇ ಲುಂಗಿ, ಅದೇ ಬೈರಾಸು. ಅವರಿಗೆ ಸಂಕೋಚ ಆಗದಿರಲಿ ಎಂದು ಮೈಗೆ ಒಂದಿಷ್ಟು ಮಣ್ಣು ಕೂಡ ಹಚ್ಚಿಕೊಂಡೆ. ಟ್ರ್ಯಾಕ್ಟರನ್ನು ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಹೋದರೆ ಅಂಗಳ ಸಗಣಿ ಸಾರಿಸಿತ್ತು. ಜಗಲಿಯ ನಡುವೆ ಒಂದೇ ಕುರ್ಚಿ, ಅದರ ಮೇಲೆ ಹೊಸ ಟವೆಲ್ಲು. ಹಲಸಿನ ಮರ ಇರಲೇ ಇಲ್ಲ.

'ನಿನ್ನೆ ಸಂಜಿಗೇ ಜೆಸಿಬಿ ತರ್ಸಿ ತೆಗ್ಸಿದೆ ಯಜಮಾನ್ರೇ,' ಎಂದರು ಪದ್ದಣ್ಣ ಅಂಗಳದಲ್ಲಿ ನಿಂತು. 'ನಿಮ್ಮತ್ರ ಕೆಲ್ಸ ಮಾಡ್ಸೂದಾ? ಶ್ಯೇ!'

ಸೊಸೆ ಕಪ್ಪು ಬಸಿಯಲ್ಲಿ ಚಾ ತಂದಿಟ್ಟು ಬಾಗಿಲ ಹಿಂದೆ ಸರಿದಳು. ಗಂಜಿಯ ಸುದ್ದಿ ಯಾರೂ ಎತ್ತಲಿಲ್ಲ. ನಾನು ಕುರ್ಚಿಯಲ್ಲಿ, ಉಳಿದವರೆಲ್ಲ ನಿಂತು.

'ಮೊಣಗಂಟ್ ಹ್ಯಾಂಗಿತ್ತ್ ಪದ್ದಣ್ಣ?'

'ಹುಷಾರಿತ್ತ್ ಯಜಮಾನ್ರೇ.'

'ಮೀನ್ ಸಾರ್?'

'ಲಾಯ್ಕಿತ್ತ್ ಯಜಮಾನ್ರೇ.'

ಚಾ ಕುಡಿಯುವ ಸದ್ದು ನನಗೇ ಕೇಳುತ್ತಿತ್ತು. ಬೇಗ ಮುಗಿಸಿ, ಬರುತ್ತೇನೆ ಎಂದು ಎದ್ದೆ. ಗೇಟಿನ ತನಕ ಬಂದು ಕಳುಹಿಸಿಕೊಟ್ಟರು. ಟ್ರ್ಯಾಕ್ಟರಿನ ಪಕ್ಕ ನಿಂತು ಲುಂಗಿಯ ಮಡಿಕೆಯಲ್ಲಿ ಕೀಲಿಕೈ ಹುಡುಕುತ್ತಿದ್ದಾಗ ಕಂಪೌಂಡಿನ ಆಚೆ ಜಗಲಿಯಲ್ಲಿ ಎಲ್ಲರೂ ಕೂತ ಸದ್ದಾಯಿತು, ಮಾತು ಶುರುವಾಯಿತು.

'ಒಳ್ಳೆ ಜನವೇ, ಪಾಪ,' ಎಂದರು ಪದ್ದಣ್ಣ. 'ಆರೆ ನಿನ್ನೆ ಆ ಡ್ರೈವರ್ ಇದ್ನಲೆ, ಅವ ಒಬ್ಬ ಭಾರೀ ಲಾಯ್ಕ್ ಮನ್ಷ ಆಯ್ತಾ.'

ಹೌದು. ನನಗೂ ಅವನು ಹಿಡಿಸಿದ್ದ.